ದೀಪದ ಋಣ

1956ರವರೆಗೆ ನಮ್ಮ ಕಲಬುರಗಿ ಸೀಮೆಗೆ ಹೈದರಾಬಾದೇ ರಾಜಧಾನಿ. ಹಿರಿಯರು ಅಲ್ಲಿಗೆ ಕೋರ್ಟು ಕಚೇರಿಗೆ ಹೋದರು. ನಾನು ಸಾಲಾರ್ ಜಂಗ್ ವಸ್ತುಸಂಗ್ರಹಾಲಯ ನೋಡಲು ಹೋದೆ. ಅಲ್ಲಿ ಫ್ರಾನ್ಸಿನ ಒಂದು ಕವಲುದೀಪದ ಮುಂದೆ ನಿಂತುಬಿಟ್ಟೆ. ಕಂಚಿನ ಮೈ, ಮೇಲೆ ಚಿನ್ನದ ಮುಲಾಮು. ಬಳ್ಳಿ, ಎಲೆ, ಚಿಪ್ಪುಗಳು ಸುರುಳಿ ಸುರುಳಿಯಾಗಿ ಮೇಲೇರಿ, ತುದಿಯಲ್ಲಿ ಮೇಣದಬತ್ತಿಯ ಬಟ್ಟಲುಗಳಾಗಿ ಅರಳಿದ್ದವು. ಹದಿನೈದನೆಯ ಲೂಯಿ ದೊರೆಯ ಕಾಲದ ರೊಕೊಕೊ ಶೈಲಿಯನ್ನು ಹತ್ತೊಂಬತ್ತನೆಯ ಶತಮಾನದವರು ಮತ್ತೆ ಬಳಕೆಗೆ ತಂದಾಗ ಇಂಥವು ಸಿರಿವಂತರ ಮನೆಗಳನ್ನು ತುಂಬಿದವು. ‘ಎಷ್ಟು ಚೆಲುವು!’ ಎನ್ನಹೊರಟಿತು ಮನಸ್ಸು. ಆದರೆ ಅಂಥ ಚಿನ್ನ ಕಂಚಿಗೆ ಅಂಟುತ್ತಿದ್ದ ಬಗೆಯನ್ನು ಓದಿದ್ದ ನನಗೆ ಆ ಮಾತು ಪೂರ್ತಿ ಹೊರಡಲಿಲ್ಲ.

ಚಿನ್ನವನ್ನು ಪಾದರಸದಲ್ಲಿ ಬೆರೆಸಿ, ಆ ಮುದ್ದೆಯನ್ನು ಕಂಚಿಗೆ ಸವರಿ, ಕೆಂಡದ ಮೇಲೆ ಕಾಸುತ್ತಿದ್ದರು. ಪಾದರಸ ಆವಿಯಾಗಿ ಹಾರಿ ಚಿನ್ನ ಉಳಿಯುತ್ತಿತ್ತು. ಹಾರಿದ ಆವಿ ಕೆಲಸಗಾರನ ಉಸಿರಿಗೆ ಸೇರುತ್ತಿತ್ತು. ಕೈ ನಡುಗುತ್ತಿತ್ತು, ಹಲ್ಲು ಸಡಿಲವಾಗುತ್ತಿತ್ತು, ಆಯುಷ್ಯ ಕುಗ್ಗುತ್ತಿತ್ತು. ಪ್ಯಾರಿಸ್ಸಿನಲ್ಲಿ ಕಂಚಿನ ಕಾರ್ಖಾನೆ ನಡೆಸುತ್ತಿದ್ದ ರಾವ್ರಿಯೊ 1814ರಲ್ಲಿ ತೀರಿಕೊಂಡಾಗ, ಈ ವಿಷದಿಂದ ಕೆಲಸಗಾರರನ್ನು ಉಳಿಸುವ ಉಪಾಯ ಕಂಡುಹಿಡಿದವರಿಗೆಂದು 3,000 ಫ್ರಾಂಕು ಬರೆದಿಟ್ಟಿದ್ದ. ಆವಿಯನ್ನು ಮೇಲಕ್ಕೆ ಸೆಳೆದೊಯ್ಯುವ ಒಲೆಯನ್ನು ರೂಪಿಸಿದ ದಾರ್ಸೆ ಎಂಬ ರಸಾಯನಜ್ಞನಿಗೆ 1818ರಲ್ಲಿ ಆ ಬಹುಮಾನ ಸಂದಿತು. 1840ರ ದಶಕದಲ್ಲಿ ವಿದ್ಯುತ್ತಿನಿಂದ ಮುಲಾಮು ಹಾಕುವ ಕ್ರಮ ಬಂತು. ಹಳೆಯದೂ ಕೂಡಲೇ ನಿಲ್ಲಲಿಲ್ಲ. ನೋಡುವ ಕಣ್ಣಿಗೆ ಎರಡೂ ಚಿನ್ನವೇ.

ಹಾಗಾದರೆ, ಬೆಲೆ ತೆತ್ತು ದೀಪ ಕೊಂಡವನ ಋಣ ತೀರಿತೆ?

ಆಳಂದ ತಾಲೂಕಿನ ನಮ್ಮ ಮಟಕಿಯಲ್ಲಿ ದೀಪಾವಳಿಯ ಹಣತೆ ಕೊಳ್ಳುವಾಗ ನಮ್ಮವ್ವ ಚೌಕಾಸಿ ಬಿಡುತ್ತಿರಲಿಲ್ಲ. ಆದರೆ ಕುಂಬಾರನ ಕೆಮ್ಮು ಆಕೆಗೆ ಗೊತ್ತಿತ್ತು. “ಈ ಸಲ ಭಟ್ಟಿ ಹೊಗಿ ಭಾಳ ಕುಡದಿ ಏನಪಾ?” ಎಂದು ಕೇಳಿ, ಒಂದು ಮರ ಜೋಳ ಹೆಚ್ಚಿಗೆ ಸುರುವುತ್ತಿದ್ದಳು. ಆ ಜೋಳ ಬೆಲೆಯಲ್ಲ, ದಾನವೂ ಅಲ್ಲ. ಅವನ ಉಸಿರು ತನ್ನ ಬೆಳಕಿಗೆ ಸೇರಿದೆ ಎಂಬ ಒಪ್ಪಿಗೆ ಅದು. ನಾವೀಗ ಅಂಗಡಿಯಿಂದ ತರುವ ಯಾವ ವಸ್ತುವಿನ ಹಿಂದಿನ ಕೆಮ್ಮು ನಮಗೆ ಕೇಳಿಸುತ್ತದೆ? ಹಣ ಕೊಟ್ಟು ಚೀಟಿ ಪಡೆದರೆ ಲೆಕ್ಕ ಮುಗಿಯಿತೆಂದು ನಾನೂ ನಂಬಿದವನೇ.

ಕವಲುದೀಪವನ್ನು ಒಡೆದರೆ ಯಾರ ಉಸಿರೂ ಮರಳುವುದಿಲ್ಲ. ಅದರ ಚೆಲುವಿಗೆ ಕಣ್ಣು ಮುಚ್ಚಿಕೊಂಡರೆ ಆ ಕೈಗಳ ದುಡಿಮೆ ಎರಡನೆಯ ಸಲ ವ್ಯರ್ಥವಾದೀತು. ನಮ್ಮಿಂದ ಆಗಬಹುದಾದದ್ದು, ಮಾಡಿದವನು ಬದುಕಿರುವಾಗಲೇ ಅವನನ್ನು ವಿಚಾರಿಸುವುದು. ರಾವ್ರಿಯೊ ಆ ವಿಚಾರಣೆಯನ್ನು ತನ್ನ ಮರಣಪತ್ರದಲ್ಲಿ ಮಾಡಿದ. ಅವ್ವ ವರ್ಷವರ್ಷವೂ ಬಾಗಿಲಲ್ಲೇ ಮಾಡುತ್ತಿದ್ದಳು.