ಹೇಳುವುದು ನನ್ನದು, ನಂಬುವುದು ಅವರದು

(ಮಂಗಳೂರಿನ ಬಲ್ಮಠ. ತರ್ಕಶಾಸ್ತ್ರ ಕಲಿಸಿ ನಿವೃತ್ತರಾದ ಮಾಷ್ಟ್ರು. ಅವರ ನೆರೆಮನೆಯ ಪಾಸ್ಟರ್.)

ಮಾಷ್ಟ್ರು: ನಿನ್ನೆ ನಿಮ್ಮ ಕೂಟದಲ್ಲಿ ಒಬ್ಬರು ಸಾಕ್ಷಿ ಹೇಳಿದ್ದು ನಮ್ಮ ಜಗಲಿವರೆಗೂ ಕೇಳಿಸಿತು ಪಾಸ್ಟರೇ. ಕುಡಿತದಲ್ಲಿ ಮುಳುಗಿದ್ದೆ, ಯೇಸು ಬಿಡಿಸಿದ ಅಂದರು. ಬಿಟ್ಟದ್ದು ಸಂತೋಷ. ಆದರೆ ಅದನ್ನು ಕೇಳಿ ಇನ್ನೊಬ್ಬ ಯೇಸುವನ್ನು ನಂಬುವುದು ಯಾವ ಲೆಕ್ಕದಲ್ಲಿ? ಶಬರಿಮಲೆಗೆ ಮಾಲೆ ಹಾಕಿ ಕುಡಿತ ಬಿಟ್ಟವರೂ ಇದ್ದಾರಲ್ಲ ಮಾರಾಯ್ರೇ.

ಪಾಸ್ಟರ್: ಇದ್ದಾರೆ. ಅವರ ಮಾತು ಸುಳ್ಳು ಅಂತ ನಾನು ಹೇಳಲಾರೆ.

ಮಾಷ್ಟ್ರು: ನ್ಯಾಯದರ್ಶನದವರು ಶಬ್ದವನ್ನೂ ಪ್ರಮಾಣ ಅಂತ ಒಪ್ಪುತ್ತಾರೆ, ಆಪ್ತನ ಮಾತಾಗಿದ್ದರೆ. ವಿಷಯವನ್ನು ನೇರ ಬಲ್ಲವನು, ಬಲ್ಲ ಹಾಗೆಯೇ ತಿಳಿಸಬೇಕು ಅನ್ನುವವನು ಆಪ್ತ. ಈ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಒಂದೇ ಅನ್ನುತ್ತಾರೆ ಅವರ ಭಾಷ್ಯಕಾರ ವಾತ್ಸ್ಯಾಯನರು. ಹಾಗಾಗಿ ನಿಮ್ಮವರನ್ನು ನಾನು ಬಾಗಿಲಲ್ಲೇ ತಡೆಯುವುದಿಲ್ಲ. ಆದರೆ ಶಬ್ದದಲ್ಲಿ ಎರಡು ಬಗೆ: ದೃಷ್ಟಾರ್ಥ, ಅದೃಷ್ಟಾರ್ಥ. ಕುಡಿತ ಬಿಟ್ಟದ್ದು ದೃಷ್ಟ, ಹೆಂಡತಿಯನ್ನು ಕೇಳಿದರೆ ಗೊತ್ತಾಗುತ್ತದೆ. ಬಿಡಿಸಿದ್ದು ದೇವರು ಅನ್ನುವುದು ಅದೃಷ್ಟ. ಅದನ್ನು ಯಾರನ್ನು ಕೇಳುವುದು?

ಪಾಸ್ಟರ್: ಸಾಕ್ಷಿಯಿಂದ ದೇವರು ಇದ್ದಾನೆಂದು ಸಾಧಿಸಿದಂತಾಗುವುದಿಲ್ಲ, ಒಪ್ಪಿದೆ. ಅದರ ಕೆಲಸವೇ ಬೇರೆ. ಸಂತ ಅಗಸ್ಟೀನನನ್ನು ನೋಡಿ. 386ನೇ ಇಸವಿ, ಮಿಲಾನ್ ನಗರ. ಅವನು ಅಲ್ಲಿ ಭಾಷಣಕಲೆಯ ಪ್ರಾಧ್ಯಾಪಕ, ಮಾತೇ ಅವನ ಕಸುಬು. ಬಿಷಪ್ ಆಂಬ್ರೋಸನ ಪ್ರಸಂಗ ಕೇಳಿ, ಪ್ಲೇಟೋ ಪಂಥದವರ ಪುಸ್ತಕ ಓದಿ, ಬುದ್ಧಿಯ ತಕರಾರುಗಳೆಲ್ಲ ಹೆಚ್ಚುಕಡಿಮೆ ತೀರಿದ್ದವು. ಆದರೂ ಹೆಜ್ಜೆ ಮುಂದಿಡಲು ಆಗುತ್ತಿರಲಿಲ್ಲ. ಆಗ ಒಂದು ದಿನ ಪೊಂಟಿಶಿಯಾನಸ್ ಮನೆಗೆ ಬಂದ. ಅರಮನೆಯಲ್ಲಿ ದೊಡ್ಡ ಹುದ್ದೆಯವನು, ಇವನ ಹಾಗೆಯೇ ಆಫ್ರಿಕಾದವನು. ಯಾಕೆ ಬಂದಿದ್ದ ಅನ್ನುವುದೇ ಅಗಸ್ಟೀನನಿಗೆ ಆಮೇಲೆ ನೆನಪಿಲ್ಲ.

ಮಾಷ್ಟ್ರು: ಉಪದೇಶ ಮಾಡಲಿಕ್ಕಂತೂ ಬಂದದ್ದಲ್ಲ.

ಪಾಸ್ಟರ್: ಅಲ್ಲವೇ ಅಲ್ಲ. ಆಟದ ಮೇಜಿನ ಮೇಲೆ ಒಂದು ಪುಸ್ತಕ ಇತ್ತು. ಪಾಠದ ಪುಸ್ತಕ ಇರಬೇಕೆಂದು ತೆರೆದರೆ ಪೌಲನ ಪತ್ರಗಳು! ಖುಷಿಯಾಗಿ ಮಾತಿಗೆ ಕೂತ. ಈಜಿಪ್ಟಿನ ಮರಳುಗಾಡಿನ ಸಂನ್ಯಾಸಿ ಅಂತೋಣಿಯ ಸಂಗತಿ ಹೇಳಿದ. ಅಗಸ್ಟೀನ್ ಆ ಹೆಸರನ್ನೇ ಕೇಳಿರಲಿಲ್ಲ. ಆಮೇಲೆ ತಾನು ಕಂಡದ್ದಕ್ಕೆ ಬಂದ. ಟ್ರಿಯರ್ ಪಟ್ಟಣದಲ್ಲಿ ನಾಲ್ವರು ಸಹೋದ್ಯೋಗಿಗಳು ಮಧ್ಯಾಹ್ನದ ಮೇಲೆ ತಿರುಗಾಡಲು ಹೋಗಿದ್ದರು. ಇಬ್ಬರು ಒಂದು ಗುಡಿಸಲಿಗೆ ಹೊಕ್ಕರು. ಅಲ್ಲಿ ಅಂತೋಣಿಯ ಚರಿತ್ರೆ ಸಿಕ್ಕಿತು. ಒಬ್ಬ ಓದುತ್ತ ಓದುತ್ತ ಸರಕಾರಿ ಹುದ್ದೆ ಸಾಕು ಅಂದ, ಇನ್ನೊಬ್ಬ ಅವನ ಜೊತೆ ನಿಂತ. ಇದನ್ನು ಕೇಳಿದ ಅಗಸ್ಟೀನ್ ತಳಮಳಿಸಿ ತೋಟಕ್ಕೆ ಓಡಿದ. ಅಲ್ಲೇ ಅವನ ಬದುಕು ತಿರುಗಿತು. ಮರುವರ್ಷ ಈಸ್ಟರಿಗೆ ದೀಕ್ಷಾಸ್ನಾನ.

ಮಾಷ್ಟ್ರು: ಒಬ್ಬ ಆಕಳಿಸಿದರೆ ಪಕ್ಕದವನೂ ಆಕಳಿಸುತ್ತಾನೆ. ಇದು ಅದೇ ಅಲ್ವಾ?

ಪಾಸ್ಟರ್: ಹಾಗಿದ್ದರೆ ಪೊಂಟಿಶಿಯಾನಸನಿಗೂ ತಗಲಬೇಕಿತ್ತು. ಆ ನಾಲ್ವರಲ್ಲಿ ಅವನೂ ಒಬ್ಬ. ಹುದ್ದೆ ಬಿಟ್ಟವರ ಬಾಯಿಂದಲೇ ಸಂಗತಿ ಕೇಳಿದ, ಅತ್ತ, ಅವರಿಗೆ ಶುಭ ಹಾರೈಸಿ ಇನ್ನೊಬ್ಬನ ಜೊತೆ ಅರಮನೆಗೆ ವಾಪಸಾದ. ಮೊದಲೇ ವಿಶ್ವಾಸಿಯಾಗಿದ್ದವನು, ಹುದ್ದೆ ಬಿಡುವುದಾಗಲಿಲ್ಲ. ಅಗಸ್ಟೀನನೂ ಮೊದಲೊಮ್ಮೆ ವಿಕ್ಟೋರಿನಸ್ ಎಂಬ ಮಹಾ ಪಂಡಿತ ಮುದಿಪ್ರಾಯದಲ್ಲಿ ರೋಮಿನ ಜನರೆದುರು ನಂಬಿಕೆಯನ್ನು ಒಪ್ಪಿಕೊಂಡದ್ದನ್ನು ಕೇಳಿ ಆಸೆಪಟ್ಟಿದ್ದ. ಆಸೆ ಆಸೆಯಾಗಿಯೇ ಉಳಿಯಿತು.

ಮಾಷ್ಟ್ರು: ಹಾಗಾದರೆ ಕಥೆಯ ಕೆಲಸ ಏನು?

ಪಾಸ್ಟರ್: ವಾದದಲ್ಲಿ ಅಗಸ್ಟೀನ್ ಪ್ರಶ್ನೆ ಕೇಳುವವನ ಜಾಗದಲ್ಲಿದ್ದ. ಕಥೆ ಮುಗಿದಾಗ ಉತ್ತರ ಹೇಳಬೇಕಾದವನ ಜಾಗಕ್ಕೆ ಬಂದಿದ್ದ. ‘ಇದು ನಿಜವೋ?’ ಅನ್ನುವುದು ಹೋಗಿ ‘ಅವರಿಗೆ ಆಯಿತು, ನನಗೆ ಯಾಕೆ ಆಗುವುದಿಲ್ಲ?’ ಅಂತಾಯಿತು. ಆ ಪ್ರಶ್ನೆ ಎಬ್ಬಿಸುವವರೆಗೆ ಮಾತ್ರ ಸಾಕ್ಷಿಯ ಕೆಲಸ. ಉತ್ತರ ಕೇಳಿದವನದ್ದು.

ಮಾಷ್ಟ್ರು: ಮಿಲಾನಿನಲ್ಲಿ ಸರಿ, ಮಂಗಳೂರಿಗೆ ಬನ್ನಿ. 1834ರಲ್ಲಿ ಬಾಸೆಲ್ ಮಿಷನ್ ಇಲ್ಲಿಗೆ ಬಂತು. ಸಾಕ್ಷಿ ಹೇಳುವವರ ಕೈಯಲ್ಲೇ ಶಾಲೆ, ನೇಯ್ಗೆ. 1865ಕ್ಕೆ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ. ಕೇಳುವವನಿಗೆ ಕಿವಿಯ ಜೊತೆ ಹೊಟ್ಟೆಯೂ ಇರುತ್ತದೆ.

ಪಾಸ್ಟರ್: ಮತಾಂತರವಾದವರನ್ನು ಮನೆಯವರು, ಜಾತಿಯವರು ಹೊರಗೆ ಹಾಕುತ್ತಿದ್ದರು. ಅವರ ಹೊಟ್ಟೆಪಾಡಿಗೆ ಕೆಲಸ ಬೇಕಿತ್ತು. ಮತ್ತೆ, 1844ರಲ್ಲಿ ದೀಕ್ಷಾಸ್ನಾನ ಪಡೆದ ಆನಂದರಾವ್ ಕೌಂಡಿನ್ಯ ಸಾರಸ್ವತ ಬ್ರಾಹ್ಮಣ ಯುವಕ. ಕೂಲಿಗಾಗಿ ಬಂದವನಲ್ಲ.

ಮಾಷ್ಟ್ರು: ಆದರೆ ಮಿಷನ್ ಶಾಲೆಯ ವಿದ್ಯಾರ್ಥಿ. ಗುರುವಿನ ಎದುರು ಕೂತವನ ಕಿವಿ ಪೂರ್ತಿ ಸ್ವತಂತ್ರವೇ?

ಪಾಸ್ಟರ್: ಅದೂ ನಿಜವೇ. ಕೌಂಡಿನ್ಯರ ಮನಸ್ಸಿನೊಳಗೆ ನಾವು ಇಣುಕಲಾಗದು. ಆದರೆ ಹೇಳುವವನಿಗೆ ಇದರಲ್ಲಿ ಒಂದು ಕಟ್ಟಳೆ ಇದೆ. ಒಂದು ಕೈಯಲ್ಲಿ ಕೆಲಸದ ಚೀಟಿ ಹಿಡಿದು ಸಾಕ್ಷಿ ಹೇಳಿದರೆ ನಿಮ್ಮ ಆಪ್ತಲಕ್ಷಣವೇ ಕೆಡುತ್ತದೆ. ಕಂಡ ಹಾಗೆ ತಿಳಿಸಬೇಕು ಅನ್ನುವ ಇಚ್ಛೆಯ ಜೊತೆಗೆ ಇನ್ನೊಂದು ಇಚ್ಛೆ ನುಸುಳುತ್ತದೆ. ಪೊಂಟಿಶಿಯಾನಸನಿಗೆ ಆ ದಿನ ಅಗಸ್ಟೀನನಿಂದ ಇದರಲ್ಲಿ ಏನೂ ಆಗಬೇಕಾಗಿರಲಿಲ್ಲ.

ಮಾಷ್ಟ್ರು: 1977ರಲ್ಲಿ ಸ್ಟಾನಿಸ್ಲಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಇದರ ಹತ್ತಿರವೇ ಬರುತ್ತದೆ. ಸಂವಿಧಾನದ 25ನೇ ವಿಧಿ ಕೊಟ್ಟ ಪ್ರಚಾರದ ಹಕ್ಕು ತನ್ನ ಧರ್ಮದ ತತ್ವಗಳನ್ನು ವಿವರಿಸುವ ಹಕ್ಕು. ಇನ್ನೊಬ್ಬನನ್ನು ಮತಾಂತರಿಸುವ ಹಕ್ಕಲ್ಲ.

ಪಾಸ್ಟರ್: ಆ ತೀರ್ಪಿನ ಬಗ್ಗೆ ನಮ್ಮಲ್ಲಿ ಅಸಮಾಧಾನ ಇದೆ. ಕೇಳಿದವನು ತಾನಾಗಿ ಬರುವ ಹಕ್ಕು ಅದರಲ್ಲಿ ಮಸುಕಾಗುತ್ತದೆ ಅನ್ನುವವರಿದ್ದಾರೆ. ಆದರೆ ಒಬ್ಬನನ್ನು ಇನ್ನೊಬ್ಬ ನಂಬಿಸಲಾರ ಅನ್ನುವುದು ಕೋರ್ಟಿಗಿಂತ ಮೊದಲೇ ನಮ್ಮ ದೇವಶಾಸ್ತ್ರ ಹೇಳಿದ ಮಾತು. ನಂಬಿಕೆ ದೇವರ ವರ.

ಮಾಷ್ಟ್ರು: ಶಬರಿಮಲೆಯವನ ಪ್ರಶ್ನೆ ಹಾಗೆಯೇ ಉಳಿಯಿತು.

ಪಾಸ್ಟರ್: ಅವನ ಮಾತನ್ನೂ ನಾನು ಕೂತು ಕೇಳಬೇಕು. ನನ್ನ ಕಥೆಗೆ ಕಿವಿ ಕೊಡಿ ಅನ್ನುವ ನಾನು ಅವನ ಕಥೆಗೆ ಕಿವಿ ಕೊಡದಿದ್ದರೆ ಅದು ವ್ಯಾಪಾರ.

ಮಾಷ್ಟ್ರು: ಕೇಳಿ ನಿಮ್ಮ ಮನಸ್ಸೇ ಬದಲಾದರೆ?

ಪಾಸ್ಟರ್: ಆ ಅಪಾಯ ನನಗಿಲ್ಲದೆ ಅವನಿಗೆ ಮಾತ್ರ ಇರಬೇಕು ಅನ್ನುವುದು ನ್ಯಾಯವಲ್ಲ. ನಾನು ಉಳಿಯುತ್ತೇನೆ ಅನ್ನುವ ಭರವಸೆ ನನಗಿದೆ. ಅದೂ ಅದೃಷ್ಟಾರ್ಥವೇ.

ಮಾಷ್ಟ್ರು: ಹಾಗಾದರೆ ನಿಮ್ಮ ಕೂಟದವರಿಗೆ ಇಷ್ಟು ಹೇಳಿ. ಕಂಡದ್ದನ್ನು ಕಂಡಷ್ಟೇ ಹೇಳಲಿ. ಕೇಳಿದವನು ‘ನನಗೆ ಬೇಡ’ ಅಂದರೂ ಅವನ ಮನೆಯ ಮದುವೆಗೂ ಸಾವಿಗೂ ಮೊದಲಿನ ಹಾಗೆಯೇ ಹೋಗಲಿ. ಅಷ್ಟು ಮಾಡುವವನ ಸಾಕ್ಷಿಯನ್ನು ನಾನೂ ಕೇಳುತ್ತೇನೆ; ನಂಬುವ ಮಾತು ಆಮೇಲಿನದು.