ನಿದ್ದೆ ಬೇಡುವ ಸೇಬು

ವಿಜಯಪುರ ಜಿಲ್ಲೆಯ ಮಮದಾಪುರದಲ್ಲಿ ಮುಹಮ್ಮದ್ ಆದಿಲ್‌ಶಾಹನ ಕಾಲದ ಕೆರೆಯಿದೆ. ಅದರ ದಂಡೆಯಲ್ಲಿ ನಿಂತು 'ಇಲ್ಲಿ ಸೇಬು ಬರತಾವೇನ್ರಿ?' ಎಂದು ಯಾರಾದರೂ ಕೇಳಿದರೆ ಹಿಂದೆ ನಗುತ್ತಿದ್ದರು. ಈಗ ನಗುವಂತಿಲ್ಲ. ಪಕ್ಕದ ಬಾಗಲಕೋಟೆ ಜಿಲ್ಲೆಯ ಕುಳಲಿಯಲ್ಲಿ ರೈತರೊಬ್ಬರು ಸೇಬು ಬೆಳೆದದ್ದು 2025ರ ಏಪ್ರಿಲ್‌ನಲ್ಲಿ ಪ್ರಧಾನಿಯ 'ಮನ್ ಕಿ ಬಾತ್'ವರೆಗೂ ಹೋಯಿತು.

ಸೇಬಿಗೆ ನೀರು ಆಮೇಲೆ, ಮೊದಲು ನಿದ್ದೆ ಬೇಕು. ಎಲೆ ಉದುರಿಸಿ ಮಲಗಿದ ಗಿಡ 7 ಡಿಗ್ರಿಗಿಂತ ಕೆಳಗಿನ ಚಳಿಯ ತಾಸುಗಳನ್ನು ಎಣಿಸುತ್ತದೆ. ಡೆಲಿಷಿಯಸ್ ತಳಿಗೆ ಅದು ಸುಮಾರು 1000 ತಾಸು. ಹಿಮಾಚಲದ ಬಿಲಾಸ್ಪುರದ ತಗ್ಗಿನಲ್ಲಿ ಹುಟ್ಟಿದ ಎಚ್‌ಆರ್‌ಎಂಎನ್-99, ಇಸ್ರೇಲಿನ ಅನ್ನಾ ಅಷ್ಟು ಕೇಳುವುದಿಲ್ಲ. ಬಯಲುಸೀಮೆಗೆ ಬಂದದ್ದು ಇಂಥವೇ. ಜೂನ್ ಹೊತ್ತಿಗೆ ಹಣ್ಣಾಗಿ ಮುಗಿಯುತ್ತವೆ.

ತಡವಾಗಿ ಹಣ್ಣಾಗುವ ಸೇಬಿನ ಜಾತಿಯೇ ಬೇರೆ. ಆಸ್ಟ್ರೇಲಿಯಾದ ಗ್ರಾನಿ ಸ್ಮಿತ್‌ಗೆ ಹೂವಿನಿಂದ ಕೊಯ್ಲಿಗೆ ಹೆಚ್ಚುಕಡಿಮೆ ಆರು ತಿಂಗಳು. ಕಾಶ್ಮೀರದ ಅಂಬ್ರಿಯೂ ತಡದ್ದೇ. ಕೊಯ್ಯುವಾಗ ಗಟ್ಟಿ, ಒಳಗಿನ ಪಿಷ್ಟ ಸಕ್ಕರೆಯಾಗುತ್ತ, ತಂಪಿನಲ್ಲಿ ತಿಂಗಳುಗಟ್ಟಲೆ ಬಾಳುತ್ತದೆ. ನಮ್ಮಲ್ಲಿ ಅದೇ ಗಿಡ ಹೇಗೋ ಹೂ ಬಿಟ್ಟಿತೆಂದುಕೊಳ್ಳಿ, ಕಾಯಿ ಏಪ್ರಿಲ್-ಮೇ ಬಿಸಿಲನ್ನು ಗಿಡದ ಮೇಲೇ ಕಳೆಯಬೇಕು. ಸಿಪ್ಪೆ ಸುಟ್ಟೀತು. ರಾತ್ರಿ ತಂಪಿಲ್ಲದೆ ಕೆಂಪು ತಳಿಗಳಿಗೆ ಬಣ್ಣವೂ ಏರದು.

ಹಾಗೆಂದು ಗಿಡವನ್ನು ಮಲಗಿಸಿ ಎಬ್ಬಿಸುವ ವಿದ್ಯೆ ನಮ್ಮ ಬಬಲೇಶ್ವರ, ತಿಕೋಟಾದ ದ್ರಾಕ್ಷಿ ಬೆಳೆಗಾರರಿಗೆ ಹೊಸದಲ್ಲ. ದ್ರಾಕ್ಷಿಯೂ ಚಳಿನಾಡಿನ ಬಳ್ಳಿಯೇ, ಇಲ್ಲಿ ತಾನಾಗಿ ಮಲಗುವುದಿಲ್ಲ. ಏಪ್ರಿಲ್‌ಗೊಂದು, ಅಕ್ಟೋಬರ್‌ಗೊಂದು ಚಾಟ್ನಿ, ಎಂದರೆ ಬಳ್ಳಿ ಸವರುವುದು. ಅಕ್ಟೋಬರ್ ಚಾಟ್ನಿಯಾದ ಮೇಲೆ ಕಣ್ಣುಗಳಿಗೆ ಪೇಸ್ಟ್ ಹಚ್ಚಿ ಚಿಗುರೊಡೆಸುತ್ತಾರೆ. ಆ ಪೇಸ್ಟಿನ ಹೈಡ್ರೋಜನ್ ಸಯನಮೈಡನ್ನೇ ಚಳಿ ಸಾಲದ ದೇಶಗಳ ಸೇಬಿನ ತೋಟಗಳಲ್ಲೂ ಸಿಂಪಡಿಸುತ್ತಾರೆ. ಕೆಲವೆಡೆ ಎಲೆಯನ್ನು ಕೈಯಿಂದಲೇ ಕಿತ್ತು ಗಿಡಕ್ಕೆ ಚಳಿಗಾಲ ಬಂತೆಂದು ನಂಬಿಸುವುದೂ ಉಂಟು.

ಸೇಬಿಗೆ ಕೈಹಾಕಿದ ದ್ರಾಕ್ಷಿಯವನು ಎಡವುವುದಾದರೆ ಕೊಯ್ಲಿನಲ್ಲಿ. ಗೊನೆ ಕತ್ತರಿಸಿದ ಮೇಲೆ ದ್ರಾಕ್ಷಿ ಮತ್ತೆ ಸಿಹಿಯಾಗದು, ಆದ್ದರಿಂದ ಬಾಯಿಗೆ ಹಾಕಿ ನೋಡದೆ ಅವನು ಕತ್ತರಿ ಎತ್ತುವುದಿಲ್ಲ. ಸೇಬಿನಲ್ಲಿ ಅಷ್ಟು ಕಾದರೆ ಹಣ್ಣು ಹಿಟ್ಟುಹಿಟ್ಟು. ಅಲ್ಲಿ ಒಂದನ್ನು ಅಡ್ಡ ಕೊಯ್ದು ಅಯೋಡಿನ್ ಹಾಕುತ್ತಾರೆ. ಕಪ್ಪಾದಷ್ಟೂ ಪಿಷ್ಟ ಉಳಿದಿದೆ ಎಂದರ್ಥ.

ಮೇ ತಿಂಗಳಲ್ಲಿ ವಿಜಯಪುರದ ಬಜಾರಿನಲ್ಲಿ ಸಿಗುವ ಕಾಶ್ಮೀರದ ಸೇಬು ಕಳೆದ ವರ್ಷದ ಮರದ್ದು, ಕೋಲ್ಡ್ ಸ್ಟೋರೇಜಿನಲ್ಲಿ ಮಲಗಿ ಬಂದದ್ದು. ಅದರ ಪಕ್ಕದ ಬುಟ್ಟಿಯ ಒಣದ್ರಾಕ್ಷಿ ತಿಕೋಟಾ ಕಡೆಯ ಶೆಡ್ಡಿನಲ್ಲಿ, ನಮ್ಮದೇ ಬಿಸಿಗಾಳಿಗೆ ಒಣಗಿದ್ದು.