ಬಳ್ಳ ತುಂಬಿದ ಮೇಲೆ

ಹನಿ ಹನಿ ಗೂಡಿದರೆ ಹಳ್ಳ, ತೆನೆ ತೆನೆ ಗೂಡಿದರೆ ಬಳ್ಳ. ನಮ್ಮ ಕಡೆಯ ಶಾಲೆಗಳ ಗೋಡೆಯ ಮೇಲೆ ಈ ಗಾದೆಯಷ್ಟು ಸಲ ಸುಣ್ಣ ಬಣ್ಣ ಕಂಡ ಮಾತು ಇನ್ನೊಂದಿರಲಾರದು. ಪರೀಕ್ಷೆಯಲ್ಲಿ ‘ಗಾದೆಯನ್ನು ವಿಸ್ತರಿಸಿ ಬರೆಯಿರಿ’ ಎಂದು ಕೇಳಿದರೆ ಮಕ್ಕಳು ‘ಗಾದೆಗಳು ವೇದಗಳಿಗೆ ಸಮ’ ಎಂದು ಶುರುಮಾಡಿ, ದುಂದುವೆಚ್ಚ ಕೆಟ್ಟದ್ದು, ಉಳಿತಾಯ ಒಳ್ಳೆಯದು ಎಂದು ಮುಗಿಸುತ್ತಾರೆ. ತಿದ್ದುವ ನಾವೂ ಕಣ್ಣು ಮುಚ್ಚಿ ಅಂಕ ಹಾಕುತ್ತೇವೆ. ಬ್ಯಾಂಕಿನವರಿಗಂತೂ ಇದು ಕುಲದೇವರ ಮಂತ್ರ. 1928ರಲ್ಲಿ ಉಡುಪಿಯಲ್ಲಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆಯವರು ಮನೆಮನೆಗೆ ಹೋಗಿ ಎರಡಾಣೆಯಿಂದ ಪಿಗ್ಮಿ ಕೂಡಿಸತೊಡಗಿದಾಗ ಈ ಗಾದೆಗೆ ಒಂದು ಖಾತೆ ಪುಸ್ತಕವೇ ಸಿಕ್ಕಂತಾಯಿತು. ಅದು ಸಣ್ಣ ಕೆಲಸವಲ್ಲ. ಎರಡಾಣೆಯವನನ್ನೂ ಬ್ಯಾಂಕು ಮಾತಾಡಿಸುವಂತೆ ಮಾಡಿದ ಕೆಲಸ.

ಆದರೆ ಗಾದೆ ಅಷ್ಟಕ್ಕೇ ಸವೆದುಹೋಗಬಾರದು. ಇನ್ನೊಂದು ಮಾತೂ ಇದೆ. ಗಂಡಸರಿಗೆ ಇದನ್ನು ಗೋಡೆ ಹೇಳುತ್ತದೆ, ಹೆಂಗಸರಿಗೆ ಮನೆಮಂದಿಯೆಲ್ಲ ಹೇಳುತ್ತಾರೆ. ಸಾಸಿವೆ ಡಬ್ಬಿಯಲ್ಲಿ ಹನಿ ಹನಿಯಾಗಿ ಕೂಡಿದ್ದು ಹಳ್ಳವಾಗುವ ಹೊತ್ತಿಗೆ ಮಗನ ಫೀಸು ಬರುತ್ತದೆ, ಅತ್ತೆಯ ಕಣ್ಣಿನ ಆಪರೇಷನ್ ಬರುತ್ತದೆ, ಮಳೆಗಾಲಕ್ಕೆ ಮುಂಚೆ ಮಾಳಿಗೆ ರಿಪೇರಿ ಬರುತ್ತದೆ. ಡಬ್ಬಿಯಾಕೆಯ ಪಾಲಿಗೆ ಉಳಿಯುವುದು ಸಾಸಿವೆ.

ಗಾದೆ ಕಟ್ಟಿದವರು ಯಾವ ವಸ್ತುಗಳನ್ನು ಆರಿಸಿಕೊಂಡರು ನೋಡಿ. ನೀರನ್ನು ಕೂಡಿಡುವುದೇ ಮುಖ್ಯವಾಗಿದ್ದರೆ ಕೆರೆ ಇತ್ತು, ಬಾವಿ ಇತ್ತು. ಕಾಳನ್ನು ಕೂಡಿಡುವುದೇ ಮುಖ್ಯವಾಗಿದ್ದರೆ ನೆಲದೊಳಗಿನ ಹಗೇವು ಇತ್ತು. ಅವರು ಹೇಳಿದ್ದು ಹಳ್ಳ, ಬಳ್ಳ. ಹಳ್ಳದ ನೀರು ನಿಲ್ಲುವುದಿಲ್ಲ. ಬಳ್ಳವೋ ಕಾಳು ಅಳೆಯುವ ಮಾಪು. ತುಂಬಿಸಿ ಮೂಲೆಯಲ್ಲಿಟ್ಟರೆ ಅದರಿಂದ ಪ್ರಯೋಜನವಿಲ್ಲ, ಯಾರದೋ ಉಡಿಗೆ, ಯಾರದೋ ಚೀಲಕ್ಕೆ ಸುರಿದಾಗಲೇ ಅದರ ಕೆಲಸ. ಪ್ರಾಸ ಕೂಡಲೆಂದು ಹಾಗೆ ಹೇಳಿದರು ಎನ್ನುವವರಿದ್ದಾರೆ. ಇರಲಿ. ಪ್ರಾಸಕ್ಕೆ ಸಿಕ್ಕಿದ್ದರೂ ಸರಿಯಾದ ವಸ್ತುಗಳೇ ಸಿಕ್ಕಿವೆ.

ಹಳ್ಳ ಎಂದರೇನೆಂದು ನಮ್ಮ ಸೀಮೆಯಲ್ಲಿ ಯಾರೂ ಪುಸ್ತಕದಿಂದ ಕಲಿಯಬೇಕಿಲ್ಲ. ಚಿಂಚೋಳಿಯ ಕಾಡಿನ ಇಳಿಜಾರಿನಲ್ಲಿ ಬಿದ್ದ ಮಳೆ ಮುಲ್ಲಾಮಾರಿಗೆ ಇಳಿಯುತ್ತದೆ. ಮುಲ್ಲಾಮಾರಿ ಕಾಗಿಣಾ ಸೇರುತ್ತದೆ. ತೆಲಂಗಾಣದಿಂದ ಬರುವ ಕಾಗಿಣಾ ಸೇಡಂ ತಾಲ್ಲೂಕಿನಲ್ಲಿ ಮಳಖೇಡದ ಕೋಟೆಯ ಮಗ್ಗುಲಿಗೆ ಹಾಯುತ್ತದೆ. ಅದೇ ರಾಷ್ಟ್ರಕೂಟರ ಮಾನ್ಯಖೇಟ, ಅಮೋಘವರ್ಷ ನೃಪತುಂಗನ ರಾಜಧಾನಿ; ಈಗ ಗೋಡೆಯ ಬುಡದಲ್ಲಿ ಎಮ್ಮೆ ಮೇಯುತ್ತವೆ. ಮುಂದೆ ಶಹಾಬಾದಿನ ಹತ್ತಿರ ಹೊನಗುಂಟಾದಲ್ಲಿ ಕಾಗಿಣಾ ಭೀಮೆಗೆ ಕೂಡುತ್ತದೆ. ಬೇಸಿಗೆಯಲ್ಲಿ ಇದೇ ಪಾತ್ರದಲ್ಲಿ ಹುಡುಗರು ಕ್ರಿಕೆಟ್ ಆಡುತ್ತಾರೆ. 2020ರ ಅಕ್ಟೋಬರಿನಲ್ಲಿ ಇದೇ ನದಿ ಹೊಲ, ಮನೆ, ರಸ್ತೆ ಒಂದೂ ನೋಡದೆ ನುಗ್ಗಿತು. ಹನಿಗೂಡುವುದೆಲ್ಲ ಶುಭವೇ ಎಂದು ಗಾದೆಯೂ ಹೇಳಿಲ್ಲ.

ಚಿಂಚೋಳಿ, ಸೇಡಂ, ಚಿತ್ತಾಪುರ, ಶಹಾಬಾದ್ ಹೀಗೆ ನೀರಿನಿಂದ ಕೂಡಿದರೆ ವಾಡಿ ಕೂಡುವುದು ರೈಲಿನಿಂದ. ಮುಂಬೈ–ಚೆನ್ನೈ ದಾರಿಗೆ ಹೈದರಾಬಾದಿನ ದಾರಿ ಬಂದು ಸೇರುವ ಜಂಕ್ಷನ್ನು. ನಿಜಾಮರ ರೈಲು 1874ರಲ್ಲಿ ಇಲ್ಲಿಗೆ ಬಂದು ಸೇರಿತು. ನಮ್ಮೂರಿಗೆ ನದಿಯಿಲ್ಲ, ಸಿಮೆಂಟಿನ ಧೂಳಿದೆ, ಆದರೆ ಸಂಗಮ ಇದೆ ಎಂದು ನಾನು ಜಂಬ ಕೊಚ್ಚುವುದುಂಟು.

ಕೊಚ್ಚುವುದು ನಾಲ್ವರ ಮುಂದೆ. ನಾವು ಐವರು ಗೆಳತಿಯರು, ಐದು ಊರಿನವರು. ಗುಲಬರ್ಗಾ ಇನ್ನೂ ಗುಲಬರ್ಗಾ ಆಗಿದ್ದಾಗ ಅಲ್ಲಿ ಟಿ.ಸಿ.ಎಚ್. ಕಲಿತವರು. ಹಾಸ್ಟೆಲಿನಲ್ಲಿ ಹೆಸರು ಹಿಡಿದು ಕರೆದಿದ್ದು ಕಡಿಮೆ. ಸೇಡಮಿನಾಕಿ, ಚಿತ್ತಾಪುರದಾಕಿ, ಶಹಾಬಾದಿನಾಕಿ, ಚಿಂಚೋಳಿಯಾಕಿ, ವಾಡಿಯಾಕಿ, ಅಷ್ಟೇ. ಆಮೇಲೆ ನೌಕರಿ, ಮದುವೆ, ಬಾಣಂತನ, ವರ್ಗಾವಣೆ. ಒಂದೇ ಜಿಲ್ಲೆಯಲ್ಲಿದ್ದೂ ಮದುವೆಮನೆಯ ಊಟದ ಪಂಕ್ತಿಯಲ್ಲಿ ಸಿಕ್ಕರೆ ಸಿಕ್ಕೆವು. ಸೇಡಮಿನಾಕಿ ಮಾತ್ರ ಬಿಡಲಿಲ್ಲ. ರಿಟೈರ್ ಆದ ಮೇಲೆ ಐವರೂ ಕಾಶಿಗೆ ಹೋಗೋಣ ಎಂದು ತಿಂಗಳಿಗೆ ಇಷ್ಟು ಎಂದು ಎಲ್ಲರಿಂದ ವಸೂಲಿ ಮಾಡಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತ ಬಂದಳು. ದೊಡ್ಡ ಸುಖ ಕಾಶಿಯಲ್ಲಿತ್ತು. ಅಲ್ಲಿಯವರೆಗೆ ಹನಿ ಕೂಡಿಸುವುದು.

2023ರ ಜೂನ್ 11ರಂದು ‘ಶಕ್ತಿ’ ಯೋಜನೆ ಬಂತು. ರಾಜ್ಯದೊಳಗೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟಿನ ದುಡ್ಡಿಲ್ಲ. ಅದರ ಲಾಭ ನಷ್ಟ ಲೆಕ್ಕ ಹಾಕುವವರು ಹಾಕಲಿ. ನಮಗೆ ಆದದ್ದು ಇಷ್ಟು: ಕಲಬುರಗಿಗೆ ಹೋಗಿ ಬರಲು ಕಾರಣ ಹೇಳಬೇಕಾದ ಗೋಜು ಹೋಯಿತು. ಮುಂಚೆ ದವಾಖಾನೆ ಎನ್ನಬೇಕಿತ್ತು, ಆಫೀಸಿನ ಕೆಲಸ ಎನ್ನಬೇಕಿತ್ತು. ಈಗ ‘ಸುಮ್ನ ಹೊಂಟೀನಿ’ ಎಂದರೂ ನಡೆಯುತ್ತದೆ. ‘ಫ್ರೀ ಅದ ಅಂತ ಮನಿ ಕೆಲಸ ಬಿಟ್ಟು ತಿರಗತಾರ’ ಎಂದು ಹಿಂದಿನ ಸೀಟಿನಿಂದ ಒಬ್ಬರಾದರೂ ಗೊಣಗುತ್ತಾರೆ. ತಿರುಗುತ್ತೇವೆ ನಿಜ. ಚೌಕದ ಚಹಾದಂಗಡಿಯಲ್ಲಿ ಸಂಜೆಯಿಡೀ ಕೂತ ಗಂಡಸರನ್ನು ಯಾವ ಕೆಲಸ ಬಿಟ್ಟು ಬಂದಿರಿ ಎಂದು ಯಾರೂ ಕೇಳಿದ್ದು ನನಗೆ ನೆನಪಿಲ್ಲ.

ಹೀಗೆ ಎಳ್ಳ ಅಮಾವಾಸ್ಯೆ ಕಳೆದ ಒಂದು ಶನಿವಾರ. ಬೆಳಗಿನ ಶಾಲೆ ಮುಗಿಸಿ, ಬೀಗ ಹಾಕಿಸಿ, ಒಬ್ಬೊಬ್ಬರು ಒಂದೊಂದು ದಿಕ್ಕಿನಿಂದ ಕಲಬುರಗಿಯ ಬಸ್ ನಿಲ್ದಾಣದಲ್ಲಿ ಇಳಿದೆವು. ಚಿಂಚೋಳಿಯಾಕಿಯದು ಎಲ್ಲರಿಗಿಂತ ದೂರ. ಅವರ ಊರಿಗೆ ರೈಲಿಲ್ಲ. ಬಂದವಳೇ ಚೀಲ ನನ್ನ ಕೈಗೆ ತುರುಕಿ, ‘ಏ ಬೇ, ಮೊದಲ ಏನರ ತಿನ್ನಮು ನಡೀರಿ’ ಅಂದಳು. ಚೀಲದೊಳಗೆ ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ, ಪುಂಡಿಪಲ್ಯ ಇದ್ದವು. ಅವು ರಾತ್ರಿಗೆ. ಆ ಹೊತ್ತಿಗೆ ಬೇಕಾಗಿದ್ದು ಬಂಡಿಯ ಸುಸಲಾ ಮತ್ತು ಮಿರ್ಚಿ.

ನಮ್ಮ ಕಡೆಯ ಮಿರ್ಚಿ ತಿನ್ನುವುದು ಅವಸರದ ಕೆಲಸವಲ್ಲ. ಎಣ್ಣೆಯಿಂದ ಎತ್ತಿ ಪೇಪರಿನ ಮೇಲೆ ಹಾಕುತ್ತಾರೆ, ಪೇಪರು ಕೂಡಲೇ ಪಾರದರ್ಶಕವಾಗುತ್ತದೆ. ತುದಿ ಕಚ್ಚಿದರೆ ಕಡಲೆಹಿಟ್ಟಿನ ಗರಿ, ಆಮೇಲೆ ಬಿಸಿ, ಬೀಜ ಹಲ್ಲಿಗೆ ಸಿಕ್ಕಮೇಲೆ ಖಾರ. ಒಗ್ಗರಣೆ ಹಾಕಿದ ತೇವದ ಚುರುಮುರಿ ಒಂದು ಹಿಡಿ ಬಾಯಿಗೆ ಹಾಕಿದರೆ ಆ ಖಾರ ಅರ್ಧ ಇಳಿಯುತ್ತದೆ, ಪೂರ್ತಿ ಇಳಿಯುವ ಮುಂಚೆ ಇನ್ನೊಂದು ಮಿರ್ಚಿಗೆ ಕೈ ಹೋಗುತ್ತದೆ. ಶಹಾಬಾದಿನಾಕಿಗೆ ಡಾಕ್ಟರು ಕರಿದದ್ದು ಬೇಡ ಎಂದಿದ್ದಾರೆ. ಅವಳು ಮಿರ್ಚಿಯ ಹಿಟ್ಟು ಬಿಡಿಸಿ ಬರೀ ಮೆಣಸಿನಕಾಯಿ ತಿಂದಳು. ಬಿಡಿಸಿದ ಹಿಟ್ಟನ್ನು ನಾವು ನಾಲ್ವರು ಹಂಚಿಕೊಂಡೆವು.

ಅಲ್ಲಿಂದ ಕೋಟೆ. 1367ರಲ್ಲಿ ಬಹಮನಿ ಕಾಲದಲ್ಲಿ ಕಟ್ಟಿದ ಜಾಮಿ ಮಸೀದಿ ಕೋಟೆಯೊಳಗಿದೆ. ಮಸೀದಿಗಳಿಗೆ ಸಾಮಾನ್ಯವಾಗಿ ಇರುವ ತೆರೆದ ಅಂಗಳ ಇದಕ್ಕಿಲ್ಲ, ಪೂರಾ ಮೇಲ್ಚಾವಣಿಯೇ. ಟಿ.ಸಿ.ಎಚ್. ಓದುವಾಗ ಟೂರ್ ಎಂದು ಸಾಲಾಗಿ ಬಂದು, ಇಸವಿ ಬರೆದುಕೊಂಡು, ಸಾಲಾಗಿ ಹೋಗಿದ್ದೆವು. ಈಗ ಬರೆದುಕೊಳ್ಳುವುದು ಏನೂ ಇರಲಿಲ್ಲ. ಹೊರಗೆ ಕಲ್ಲಿನ ಮೇಲೆ ಕೂತು, ಯಾರಿಗೆ ಮೊಣಕಾಲು ನೋವು, ಯಾರ ಮಗಳು ಬೆಂಗಳೂರಿನಲ್ಲಿ ಫೋನ್ ಎತ್ತುವುದಿಲ್ಲ, ಯಾವ ಹೆಡ್ ಮೇಸ್ಟ್ರು ಇನ್ನೂ ಬದುಕಿದ್ದಾರೆ, ಇವೆಲ್ಲ ಆದವು. ಆಮೇಲೆ ಸೂಪರ್ ಮಾರ್ಕೆಟ್ಟಿನಲ್ಲಿ ಬಳೆ. ಕೊಂಡಿದ್ದು ಒಬ್ಬಳು, ಚೌಕಾಸಿ ಮಾಡಿದ್ದು ಐವರು. ಅಪ್ಪನ ಕೆರೆಯ ದಂಡೆಗೆ ಸ್ವಲ್ಪ ಹೊತ್ತು, ಶರಣಬಸವೇಶ್ವರರಿಗೆ ಕೈಮುಗಿದು, ಕತ್ತಲಾಗುವ ಮುಂಚೆ ಚಿತ್ತಾಪುರದ ಬಸ್ಸು. ‘ಇಷ್ಟಕ್ಕ ಕಲಬುರಗಿತನ ಹೋಗಿದ್ದಿರೇನು?’ ಎಂದು ಚಿತ್ತಾಪುರದಾಕಿಯ ಯಜಮಾನರು ಬಾಗಿಲಲ್ಲೇ ಕೇಳಿದರು. ಇಷ್ಟಕ್ಕೇ ಹೋಗಿದ್ದೆವು.

ಭಾನುವಾರ ಬೆಳಿಗ್ಗೆ ನಾಗಾವಿ. ಚಿತ್ತಾಪುರಕ್ಕೆ ಹತ್ತಿರ. ಯಲ್ಲಮ್ಮನ ದರ್ಶನಕ್ಕೆ ಬರುವವರು ಬಹಳ, ಅರವತ್ತು ಕಂಬದ ಗುಡಿಯತ್ತ ನಡೆಯುವವರು ಕಡಿಮೆ. ಇಲ್ಲಿ ಚಾಲುಕ್ಯರ ಕಾಲದಲ್ಲಿ ಘಟಿಕಾಸ್ಥಾನ ಇತ್ತು. 1058ರ ಶಾಸನ ಅಲ್ಲಿ ಓದುತ್ತಿದ್ದವರ, ಕಲಿಸುತ್ತಿದ್ದವರ ಲೆಕ್ಕ ಕೊಡುತ್ತದೆ. ಇನ್ನೂರು ಮಂದಿ ವೇದ ಕಲಿಯುವವರು, ಅವರ ಜೊತೆಗೆ ಶಾಸ್ತ್ರ ಓದುವವರು, ಇವರಿಗಾಗಿ ಆರು ಮಂದಿ ಸರಸ್ವತೀ ಭಂಡಾರಿಗಳು. ಅಂದರೆ ಗ್ರಂಥ ನೋಡಿಕೊಳ್ಳುವವರು. ಈಗ ಆರು ಶಾಲೆಗೆ ಒಬ್ಬ ಗ್ರಂಥಪಾಲಕರಿದ್ದರೆ ಪುಣ್ಯ ಎಂದು ಸೇಡಮಿನಾಕಿ ನಿಟ್ಟುಸಿರು ಬಿಟ್ಟಳು. ನನಗೆ ಅನಿಸಿದ್ದು ಬೇರೆ. ಭಂಡಾರವನ್ನು ಕಾಯಲು ಬೀಗವೊಂದು ಸಾಕು. ಆರು ಜನ ಬೇಕಾಗುವುದು ತೆಗೆದು ಕೊಡುವುದಕ್ಕೆ, ಕೊಟ್ಟಿದ್ದನ್ನು ತಿರುಗಿ ಇಟ್ಟು ಮತ್ತೊಬ್ಬರಿಗೆ ಕೊಡುವುದಕ್ಕೆ. ಅದೂ ಬಳ್ಳದ ಕೆಲಸವೇ.

ಮಧ್ಯಾಹ್ನ ಹೊಲಕ್ಕೆ ಹೋದೆವು, ಸೀತನಿಗೆ. ಗಾದೆಯ ಎರಡನೇ ಅರ್ಧ ನನಗೆ ಸರಿಯಾಗಿ ಕಂಡಿದ್ದು ಅಲ್ಲಿ. ಹಿಂಗಾರಿ ಜೋಳದ ತೆನೆ ಹಾಲುಗಾಳಾಗಿ, ಗಟ್ಟಿಯಾಗುವ ಮುಂಚೆ ಕೊಯ್ದು ಸುಟ್ಟು ತಿನ್ನುವುದು ಸೀತನಿ. ನೆಲದಲ್ಲಿ ಗುಂಡಿ ತೋಡಿ, ಕುಳ್ಳು ಉರಿಸಿ, ಕೆಂಡವಾದ ಮೇಲೆ ತೆನೆಗಳನ್ನು ಅದರೊಳಗೆ ಇಡುತ್ತಾರೆ. ಚಿತ್ತಾಪುರದಾಕಿಯ ಮೈದುನ ದಂಟು ಹಿಡಿದು ತಿರುವುತ್ತ ಕೂತಿದ್ದ. ಹೊಟ್ಟು ಕರಕಲಾದ ತೆನೆಯನ್ನು ಅವನು ತೆಗೆದು ಎಸೆದರೆ ಅವಳ ಅತ್ತೆ ಅದನ್ನು ಬಿಸಿಬಿಸಿಯಲ್ಲೇ ಕಂಬಳಿಯ ಮಡಿಕೆಯೊಳಗೆ ಹಾಕಿ ಅಂಗೈಯಿಂದ ಒತ್ತಿ ಉಜ್ಜುತ್ತಿದ್ದರು. ಮೊರಕ್ಕೆ ಸುರಿದು ನಾಲ್ಕು ಸಲ ಕೇರಿದರೆ ಬೂದಿ, ಹೊಟ್ಟು ಹಾರಿ ಹಸಿರು ಕಾಳು ಉಳಿಯುತ್ತದೆ. ಮೆತ್ತಗೆ, ಹೊಗೆಯ ವಾಸನೆ, ಒಳಗೆ ಸಿಹಿ. ಒಂದು ತೆನೆಯಿಂದ ಬರುವುದು ಒಬ್ಬರ ಅಂಗೈಗೆ ಸಾಲದು. ಅತ್ತೆ ಒಂದೊಂದನ್ನೇ ಹಂಚಲಿಲ್ಲ. ಮೊರ ತುಂಬುವವರೆಗೆ ಕಾಯಿಸಿ, ಆಮೇಲೆ ಹಳೆಯ ಸೇರಿನಿಂದ ಎತ್ತಿ ಎತ್ತಿ ಎಲ್ಲರ ತಾಟಿಗೆ ಸುರಿದರು. ಬೆಲ್ಲ, ಶೇಂಗಾ ಹಿಂಡಿ, ಗಟ್ಟಿ ಮೊಸರು ಜೊತೆಗೆ.

‘ಇನ್ನಾ ಎಂಟ ದಿನಾ ಬಿಟ್ಟು ಬಂದಿದ್ರ ಇದು ಸಿಗತಿರಲಿಲ್ಲ ನೋಡ್ರೆವ್ವಾ,’ ಅಂದರು ಅತ್ತೆ. ‘ಕಾಳ ಬಲೀತದ.’

ಬಲಿತ ಕಾಳು ಬೇಡವೆಂದಲ್ಲ. ವರ್ಷವಿಡೀ ರೊಟ್ಟಿ ಅದರಿಂದಲೇ. ಉಳಿತಾಯದ ಗಾದೆಯನ್ನು ಹೇಳುವವರು ಹೇಳುವುದು ಆ ಬಲಿತ ಜೋಳದ ಮಾತು, ಅದು ಖರೆ ಮಾತು. ಆದರೆ ತೆನೆಗೆ ಎರಡು ಹೊತ್ತು ಇವೆ. ಸೀತನಿಯ ಹೊತ್ತನ್ನು ಉಳಿಸಿ ಇಡಲು ಬರುವುದಿಲ್ಲ. ಉಳಿಸಿದರೆ ಅದು ಜೋಳವಾಗುತ್ತದೆ, ಸೀತನಿಯಾಗಿ ಉಳಿಯುವುದಿಲ್ಲ. ಗೆಳತಿಯರ ಜೊತೆಗಿನ ಶನಿವಾರವೂ ಆ ಜಾತಿಯದು. ಇಪ್ಪತ್ತು ವರ್ಷ ಒಟ್ಟುಗೂಡಿಸಿ ಒಂದೇ ಸಲ ಕಾಶಿಯಲ್ಲಿ ಬಿಡಿಸಿಕೊಳ್ಳುತ್ತೇವೆ ಎಂದರೆ ಬಡ್ಡಿ ಸಮೇತ ಬರುವುದು ಮೊಣಕಾಲು ನೋವು. ನಮ್ಮ ಮೊದಲಿನ ಲೆಕ್ಕದಲ್ಲಿ ಆರನೆಯವಳೂ ಒಬ್ಬಳಿದ್ದಳು, ಅಫಜಲಪುರದಾಕಿ. ಸೇಡಮಿನಾಕಿಯ ನೋಟ್‌ಬುಕ್ಕಿನಲ್ಲಿ ಅವಳ ಹೆಸರಿನ ಮುಂದೆ ಕೆಲವು ತಿಂಗಳ ದುಡ್ಡು ಬರೆದದ್ದು ಹಾಗೇ ಇದೆ. ಅವಳ ಗಂಡನಿಗೆ ತಿರುಗಿ ಕೊಡಲು ಹೋದರೆ ಅವರು ಮುಟ್ಟಲಿಲ್ಲ.

ಹಾಗಾದರೆ ಸಣ್ಣ ಸಣ್ಣ ಸುಖಗಳು ಕೂಡಿ ಏನಾಗುತ್ತವೆ? ಗಾದೆ ಇದಕ್ಕೆ ಲೆಕ್ಕದ ಉತ್ತರ ಕೊಡುವುದಿಲ್ಲ. ಮಿರ್ಚಿ, ಬಳೆ, ಕೋಟೆಯ ಕಲ್ಲು, ಸೀತನಿ ಇವನ್ನು ಕೂಡಿಸಿದರೆ ಮೊತ್ತ ಬರುವುದಿಲ್ಲ, ಗುರುತು ಬರುತ್ತದೆ. ಶಹಾಬಾದಿನಾಕಿಗೆ ಈಗ ಕರಿದದ್ದು ಆಗುವುದಿಲ್ಲ ಎಂದು ನಮಗೆ ಗೊತ್ತು. ಚಿಂಚೋಳಿಯಾಕಿ ಮಾತು ನಿಲ್ಲಿಸಿದರೆ ಏನೋ ಆಗಿದೆ ಎಂದು ಗೊತ್ತು. ಮದುವೆಮನೆಯ ಪಂಕ್ತಿಯಲ್ಲಿ ಇದು ತಿಳಿಯುವುದಿಲ್ಲ. ಮೇಲಿಂದ ಮೇಲೆ ಕೂಡಬೇಕು. ಹಳ್ಳ ಹರಿಯುವುದು ಒಂದೇ ದೊಡ್ಡ ಹನಿಯಿಂದಲ್ಲ ಎಂಬಲ್ಲಿ ಪಿಗ್ಮಿಯವರಿಗೂ ನನಗೂ ಜಗಳವಿಲ್ಲ.

ಜಗಳ ಆಗಿದ್ದು ವಾಪಸು ಹೊರಡುವಾಗ. ಚಿಂಚೋಳಿಯಾಕಿ, ‘ನಮ್ಮ ಚಂದ್ರಂಪಳ್ಳಿ ಡ್ಯಾಮ್ ನೋಡಲಾರದೇ ಕಾಶಿಗಿ ಹೋಗ್ತೀರೇನು? ಮಳಿಗಾಲದಾಗ ಬರ್ರಿ, ಎತ್ತಿಪೋತದಾಗ ನೀರಿರತದ’ ಎಂದು ಹಟ ಹಿಡಿದಳು. ಅವರ ಕಾಡು ಈಗ ವನ್ಯಜೀವಿ ಧಾಮ, ಊರಿನ ಬಸ್ಸು ಇಳಿದ ಮೇಲೆ ಒಳಗೆ ಹೋಗಲು ಬೇರೆ ಗಾಡಿ ಬೇಕು, ಅದಕ್ಕೆ ಶಕ್ತಿ ಯೋಜನೆ ನಡೆಯುವುದಿಲ್ಲ. ಬಾಡಿಗೆ ಯಾರು ಕೊಡಬೇಕು? ಕಾಶಿಯ ದುಡ್ಡಿಗೆ ಕೈ ಹಾಕಕೂಡದು ಎಂದು ಸೇಡಮಿನಾಕಿ. ಹಾಕಲೇಬೇಕು ಎಂದು ಉಳಿದ ಮೂವರು. ನಾನು ಯಾರ ಕಡೆಗೂ ಮಾತಾಡಲಿಲ್ಲ, ವಾಡಿಯ ಬಸ್ಸು ಬಂದಿತ್ತು. ಆಮೇಲೆ ಫೋನಿನಲ್ಲಿ ಇತ್ಯರ್ಥವಾಯಿತು: ಟೆಂಪೋದ ಬಾಡಿಗೆ ಅಫಜಲಪುರದಾಕಿಯ ದುಡ್ಡಿನಿಂದ, ಸಾಲದ್ದು ಐವರ ಕೈಯಿಂದ. ಶ್ರಾವಣದ ಮೊದಲ ಶನಿವಾರ, ಬೆಳಗಿನ ಶಾಲೆ ಬಿಟ್ಟ ಮೇಲೆ. ರೊಟ್ಟಿ ನನ್ನ ಪಾಲಿಗೆ ಬಂದಿದೆ.